ಎಷ್ಟಕ್ಕೆ ಕೇಳಬೇಕು? ಕೊಪ್ಪಳದಲ್ಲಿ ಮನೆ ಕೊಂಡ ನಮ್ಮ ಒಂಬತ್ತು ತಿಂಗಳು

2025ರ ಜನವರಿಯಲ್ಲಿ ಗವಿಮಠದ ಜಾತ್ರೆ ಮುಗಿದ ಮರುವಾರ ಮನೆ ಹುಡುಕಲು ಶುರು ಮಾಡಿದೆವು. ಸೆಪ್ಟೆಂಬರ್ ಕೊನೆಗೆ, ನವರಾತ್ರಿಯಲ್ಲಿ, ಖರೀದಿ ಪತ್ರಕ್ಕೆ ಸಹಿ ಬಿತ್ತು. ನಡುವಿನ ಒಂಬತ್ತು ತಿಂಗಳಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತುಂಬಿಸಿದ್ದೇನೆ. ಅದರಲ್ಲಿ ಮುಕ್ಕಾಲು ಭಾಗ ಒಂದೇ ಪ್ರಶ್ನೆಯ ಲೆಕ್ಕ. ಈ ಮನೆಯನ್ನು ಎಷ್ಟಕ್ಕೆ ಕೇಳಬೇಕು?

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮವರಿಗೆ ಗಿಣಿಗೇರಿ ಕಡೆ ಕಾರ್ಖಾನೆಯಲ್ಲಿ ಕೆಲಸ. ಹದಿಮೂರು ವರ್ಷದಿಂದ ಬಾಡಿಗೆ ಮನೆ. ಗಣಿತದ ಟೀಚರ್‌ಗೆ ಇದೇನು ಮಹಾ ಲೆಕ್ಕ ಅಂದುಕೊಂಡೇ ಹೊರಟಿದ್ದೆ.

ಮೊದಲು ಇಷ್ಟವಾದ ಮನೆ ಭಾಗ್ಯನಗರದ್ದು. ರೈಲು ಹಳಿ ದಾಟಿದರೆ ಆಯಿತು, ಮಗಳ ಶಾಲೆಯೂ ಹತ್ತಿರ. ನಿವೃತ್ತರಾದ ಒಬ್ಬ ಹಿರಿಯರು ಕಟ್ಟಿಸಿಕೊಂಡ ಮನೆ. ಬಾಗಿಲಿಗೆ ತೇಗ, ಅಡುಗೆಮನೆಗೆ ಎರಡು ಕಿಟಕಿ. ಅವರು ಹೇಳಿದ ಬೆಲೆ 48 ಲಕ್ಷ.

ಆಗ ಊರಲ್ಲಿ ಎಲ್ಲರ ಬಾಯಲ್ಲೂ ಕಾರ್ಖಾನೆಯದೇ ಮಾತು. ಊರ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತದೆ ಎಂಬ ಸುದ್ದಿಗೆ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೇ ಬೀದಿಗಿಳಿದು ನಡೆದರು. ಆ ಸುದ್ದಿ ಮನೆ ಮಾರುವವರ ಬಾಯಲ್ಲಿ ಒಂದು ತರಹ, ಕೊಳ್ಳುವವರ ಬಾಯಲ್ಲಿ ಇನ್ನೊಂದು ತರಹ. ಏಜೆಂಟ್ "ಫ್ಯಾಕ್ಟರಿ ಬಂದ್ರ ಬಾಡಗಿ ಎರಡು ಪಟ್ಟು ಆಗ್ತೈತ್ರೀ ಮೇಡಂ" ಅಂದ. ನಮ್ಮ ಜೊತೆ ಬಂದಿದ್ದ ಕಾಕಾ "ಧೂಳಾಗ ಇರಾಕ ಯಾರ್ ಬರ್ತಾರ್ಲೇ" ಅಂದರು. ಕಾಕಾ ಅಂದರೆ ನಮ್ಮವರ ಚಿಕ್ಕಪ್ಪ. ಕುಷ್ಟಗಿಯಲ್ಲಿ ಎತ್ತು, ಟ್ರ್ಯಾಕ್ಟರು, ಹೊಲ ಎಲ್ಲದರ ವ್ಯವಹಾರ ಕುದುರಿಸಿದವರು. ಚೌಕಾಸಿಗೆ ಅವರೇ ಸರಿ ಅಂತ ಮನೆಯವರೆಲ್ಲ ಕರೆಸಿದ್ದರು.

ಕಾಕಾರ ಸೂತ್ರ ಸರಳ. ಹೇಳಿದ್ದರಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಕೇಳು, ನಡುವೆ ಎಲ್ಲೋ ನಿಲ್ಲುತ್ತದೆ. ಚಹಾ ಬರುವ ಮೊದಲೇ "ಮೂವತ್ತೆರಡಕ್ಕ ಮುಗಿಸಿಬಿಡ್ರಿ" ಅಂದರು. ಆ ಹಿರಿಯರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದರು. ಆಮೇಲೆ ಬಾಗಿಲ ಹತ್ತಿರ ನಿಂತು, "ಇದು ಸಂತಿ ಬದನಿಕಾಯಿ ಅಲ್ರೀ, ನಾ ಬದುಕಿದ ಮನಿ" ಅಂದರು. ಚಹಾ ಬರಲೇ ಇಲ್ಲ.

ಎರಡು ವಾರದ ಮೇಲೆ ಆ ಮನೆ 45 ಲಕ್ಷಕ್ಕೆ ಹೋಯಿತು ಅಂತ ಏಜೆಂಟ್ ಹೇಳಿದ. ನಾವು ನೇರವಾಗಿ 43 ಅಂದಿದ್ದರೆ ಮಾತು ಮುಂದುವರಿಯುತ್ತಿತ್ತು, 45ಕ್ಕೆ ನಾವೂ ಒಪ್ಪುತ್ತಿದ್ದೆವು. ಎರಡು ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಕಾಕಾ ಮಾತ್ರ ಇವತ್ತಿಗೂ "ಅವರು ಮಾರೋ ಮಂದಿ ಅಲ್ಲ" ಅನ್ನುತ್ತಾರೆ. ಕಡಿಮೆ ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. 32 ಯಾಕೆ ಅಂತ ಅವರು ಕೇಳಿದ್ದರೆ ನಮ್ಮ ಹತ್ತಿರ ಹೇಳಲು ಏನೂ ಇರಲಿಲ್ಲ. ಅದು ತಪ್ಪು.

ಅಲ್ಲಿಂದ ಮೇ ತನಕ ಹದಿನಾಲ್ಕು ಮನೆ ನೋಡಿದೆವು. ಅದನ್ನೆಲ್ಲ ಬರೆಯುವುದಿಲ್ಲ. ಕೆಲವು ಹೊಲದಲ್ಲೇ ಕಟ್ಟಿದವು, ಎನ್‌ಎ ಅಂದರೆ ಕೃಷಿಯೇತರ ಜಮೀನಾಗಿ ಪರಿವರ್ತನೆ ಆಗಿರಲಿಲ್ಲ. ಕೆಲವಕ್ಕೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇರಲಿಲ್ಲ. "ಆಮ್ಯಾಲ ಮಾಡಿಸಿಕೊಡ್ತೀವಿ" ಅನ್ನುವ ಮನೆಯ ಬೆಲೆ ಲೆಕ್ಕ ಹಾಕುವುದೇ ದಂಡ. ಬ್ಯಾಂಕು ಅಂಥದ್ದಕ್ಕೆ ಸಾಲ ಕೊಡುವುದಿಲ್ಲ.

ಜೂನ್‌ನಲ್ಲಿ ಕಿನ್ನಾಳ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ಈಗಿನ ಮನೆ ಸಿಕ್ಕಿತು. 30-40ರ ಪ್ಲಾಟು, 900 ಚದರ ಅಡಿ ಕಟ್ಟಡ, 2011ರಲ್ಲಿ ಕಟ್ಟಿದ್ದು. ಹೇಳಿದ ಬೆಲೆ 52 ಲಕ್ಷ. ಮನೆಯಲ್ಲಿ ಒಬ್ಬ ವಯಸ್ಸಾದ ತಾಯಿ ಮತ್ತು ಮಗ. ಮಗನಿಗೆ ನಲವತ್ತೈದರ ಆಸುಪಾಸು, ಹುಬ್ಬಳ್ಳಿಯಲ್ಲಿ ನೌಕರಿ.

ಈ ಸಲ ಕಾಕಾರನ್ನು ಕರೆಯಲಿಲ್ಲ. ಮೊದಲು ಒಬ್ಬ ಸಿವಿಲ್ ಎಂಜಿನಿಯರ್‌ಗೆ 3,000 ರೂಪಾಯಿ ಕೊಟ್ಟು ಮನೆ ತೋರಿಸಿದೆ. ನಮ್ಮವರಿಗೆ ಅದು ದಂಡ ಅನ್ನಿಸಿತು, ಆದರೆ ಒಂಬತ್ತು ತಿಂಗಳಲ್ಲಿ ಖರ್ಚು ಮಾಡಿದ್ದರಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದ ದುಡ್ಡು ಇನ್ನೊಂದಿಲ್ಲ. ಆತ ಗೋಡೆ ತಟ್ಟಿ ನೋಡಿದ. ಸಂಪಿನ ಮುಚ್ಚಳ ತೆಗೆಸಿದ. ಮಾಳಿಗೆ ಮೇಲೆ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಅಂತ ನೋಡಿದ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕಿಗೆ ಬೆರಳಿಟ್ಟು, "ಕೆಳಗ ಎರಿ ಮಣ್ಣು ಐತಿ ಮೇಡಂ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. ಆದ್ರ ಈ ಬಿರುಕು ಹಳೇದು, ಈಗ ನಿಂತೈತಿ" ಅಂದ. ಬಿರುಕಿನೊಳಗೆ ಹಳೇ ಬಣ್ಣ ಇಳಿದಿದ್ದು ನೋಡಿ ಹಾಗೆ ಹೇಳಿದನಂತೆ. ಮಾಳಿಗೆ, ಬಾತ್‌ರೂಮಿನ ಪೈಪು, ವೈರಿಂಗ್ ಸೇರಿ ರಿಪೇರಿಗೆ 1.8 ಲಕ್ಷ ಬೇಕು ಅಂತ ಬರೆದುಕೊಟ್ಟ.

ಬೆಲೆ ಕಟ್ಟುವ ರೀತಿಯನ್ನೂ ಆತನೇ ಹೇಳಿಕೊಟ್ಟ. ಪ್ಲಾಟು ಬೇರೆ, ಕಟ್ಟಡ ಬೇರೆ. ಪ್ಲಾಟಿಗೆ ಇವತ್ತಿನ ದರ. ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತದೋ ಅದರಲ್ಲಿ ವರ್ಷಕ್ಕೆ ಸುಮಾರು ಶೇ 1.5 ಸವಕಳಿ ಕಳೆಯಬೇಕು. ಬ್ಯಾಂಕಿನ ಎಂಜಿನಿಯರ್ ಕೂಡ ಹೆಚ್ಚೂಕಮ್ಮಿ ಹೀಗೇ ಮಾಡುತ್ತಾನೆ.

ಪ್ಲಾಟಿನ ದರ ತಿಳಿಯುವುದೇ ದೊಡ್ಡ ಕೆಲಸ. ಒಂದೇ ಓಣಿಗೆ ಮಾಲೀಕರು ಚದರ ಅಡಿಗೆ 3,000 ಅಂದರು, ಏಜೆಂಟ್ 2,600 ಅಂದ. ಹಿಂದಿನ ಡಿಸೆಂಬರ್‌ನಲ್ಲಿ ಪಕ್ಕದ ಓಣಿಯಲ್ಲಿ ನಿಜವಾಗಿ ಪ್ಲಾಟು ಮಾರಿದವರ ಸೊಸೆ ನಮ್ಮ ಶಾಲೆಯ ಸಹೋದ್ಯೋಗಿ. ಆಕೆ 2,100 ಅಂದರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸರ್ಕಾರದ ಮಾರ್ಗಸೂಚಿ ದರ ನೋಡಬಹುದು. ಅದರ ಪ್ರಕಾರ ಈ ಮನೆ 29 ಲಕ್ಷದ್ದು. ಆ ದರ 2023ರ ಅಕ್ಟೋಬರ್‌ನಲ್ಲಿ ಏರಿದ್ದು, ಪೇಟೆಯ ದರ ಅದಕ್ಕಿಂತ ಬಹಳ ಮುಂದೆ ಇದೆ. ಅದನ್ನು ಹಿಡಿದು ಚೌಕಾಸಿ ಮಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ಟ್ಯಾಂಪ್ ಸುಂಕ ಮಾರ್ಗಸೂಚಿ ಬೆಲೆ ಮತ್ತು ಖರೀದಿ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಬೀಳುತ್ತದೆ ಅನ್ನುವುದಷ್ಟೇ ಅದರಿಂದ ತಿಳಿಯಬೇಕಾದದ್ದು.

ನಾನು 2,300 ಹಿಡಿದೆ. 1,200 ಚದರ ಅಡಿಗೆ 27.6 ಲಕ್ಷ. ಕಟ್ಟಡ ಹೊಸದಾದರೆ ಚದರ ಅಡಿಗೆ 2,000ದಂತೆ 18 ಲಕ್ಷ, ಹದಿನಾಲ್ಕು ವರ್ಷದ ಸವಕಳಿ ಶೇ 21 ಕಳೆದರೆ 14.22 ಲಕ್ಷ. ಸಂಪು, ಬೋರು, ಕಂಪೌಂಡ್ ಗೋಡೆ, ಗೇಟಿಗೆ ಒಂದೂವರೆ ಲಕ್ಷ. ಒಟ್ಟು 43.32. ರಿಪೇರಿ ಕಳೆದರೆ 41.5ರ ಹತ್ತಿರ. ನೋಟ್‌ಬುಕ್‌ನಲ್ಲಿ ಬರೆದೆ: ಮೊದಲ ಮಾತು 41.

ಇದು ಮನೆಯ ಲೆಕ್ಕ. ನಮ್ಮ ಕಿಸೆಯ ಲೆಕ್ಕ ಬೇರೆ. ಉಳಿತಾಯ 9.5 ಲಕ್ಷ, ನಮ್ಮವರ ಪಿಎಫ್ 3, ಎಲ್‌ಐಸಿಯ ಪಾಲಿಸಿಯಿಂದ 2. ಒಟ್ಟು 14.5 ಲಕ್ಷ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ರಿಜಿಸ್ಟ್ರೇಷನ್ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ, ಅಷ್ಟೂ ನಾವೇ ಹಾಕಬೇಕು. ಸ್ಟ್ಯಾಂಪ್ ಸುಂಕ ಶೇ 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ ಶೇ 5.6, ನೋಂದಣಿ ಶುಲ್ಕ ಆಗ ಶೇ 1. ಏಜೆಂಟ್‌ಗೆ ಶೇ 1. ಬ್ಯಾಂಕಿನ ವಕೀಲರು, ಎಂಜಿನಿಯರು, ಬಾಂಡ್ ರೈಟರ್ ಅಂತ 30 ಸಾವಿರ. ರಿಪೇರಿಗೆ 1.8 ಲಕ್ಷ. ಎಲ್ಲ ಕೂಡಿಸಿ ಹಿಂದಿನಿಂದ ಬಂದರೆ 44 ಲಕ್ಷಕ್ಕೆ ನಮ್ಮ ಹದಿನಾಲ್ಕೂವರೆ ಹೆಚ್ಚೂಕಮ್ಮಿ ಮುಗಿಯುತ್ತಿತ್ತು. ಕ್ಯಾಲೆಂಡರ್‌ನಲ್ಲಿ ಜುಲೈ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ 44 ಅಂತ ಬರೆದು ಸುತ್ತ ಗೆರೆ ಎಳೆದೆ. ನಮ್ಮವರಿಗೂ ತೋರಿಸಿದೆ. ಹೂಂ ಅಂದರು.

ಮಾತಿಗೆ ಹೋಗಿದ್ದು ಆಷಾಢದಲ್ಲಿ. ನನಗೆ ಆ ನಂಬಿಕೆ ಅಷ್ಟಿಲ್ಲ, ಆದರೆ ಊರಿಗೆ ಇದೆ. ಆಷಾಢದಲ್ಲಿ ಮನೆ ನೋಡಲು ಬರುವವರೇ ಇಲ್ಲ. ಮಾರುವವರಿಗೆ ಬೇಸರ ಬಂದಿರುತ್ತದೆ. ಮಾತು ಈಗ, ಇಸಾರ (ಮುಂಗಡ ಕೊಟ್ಟು ಮಾಡುವ ಕರಾರು) ಶ್ರಾವಣದಲ್ಲಿ ಅಂದರೆ ಇಬ್ಬರ ಶಾಸ್ತ್ರವೂ ಉಳಿಯುತ್ತದೆ. ಇನ್ನೊಂದು ವಿಷಯ ಅಡುಗೆಮನೆಯಲ್ಲಿ ಗೊತ್ತಾಯಿತು. ಗಂಡಸರು ಹಾಲ್‌ನಲ್ಲಿ ಕೂತಿದ್ದಾಗ ಆ ತಾಯಿ ನನ್ನ ಜೊತೆ ಮಾತಾಡುತ್ತ, ಮಗ ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದಾನೆ, ದಸರೆಯೊಳಗೆ ದೊಡ್ಡ ಕಂತು ಕಟ್ಟಬೇಕು ಅಂದರು. ಅಂದರೆ ಅವರಿಗೆ ಹೆಚ್ಚು ಬೆಲೆಗಿಂತ ಬೇಗ ಬರುವ ದುಡ್ಡು ಬೇಕಿತ್ತು. ಎಷ್ಟು ಬೇಕು ಅಂತ ಕೇಳುವ ಮೊದಲು ಯಾವಾಗ ಬೇಕು ಅಂತ ಕೇಳಿ ನೋಡಿ, ಮಾತಿನ ದಿಕ್ಕೇ ಬೇರೆಯಾಗುತ್ತದೆ.

ನಾನು 41 ಅಂದೆ, ಎಂಜಿನಿಯರ್ ಬರೆದ ಹಾಳೆ ಮುಂದಿಟ್ಟೆ. ಮಗ ಓದಿದರು. ಸಿಟ್ಟಾಗಲಿಲ್ಲ. ಬಾತ್‌ರೂಮ್ ಪೈಪಿನ ವಿಷಯ ನಮಗೂ ಗೊತ್ತಿತ್ತು ಅಂದರು. 52 ಇದ್ದದ್ದು ಒಂದೇ ಕೂತಲ್ಲಿ 49 ಆಯಿತು. ಅಲ್ಲಿಗೆ 50ರ ಕೆಳಗೆ ಬಂತಲ್ಲ ಅಂತ ನನಗೆ ಸ್ವಲ್ಪ ನಿರಾಳ. 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದೊಂದು ಬೇರೆ ತಲೆನೋವು.

ಎರಡನೇ ಭೇಟಿಯಲ್ಲಿ ಅವರು 47ಕ್ಕೆ ಬಂದು ಒಂದು ಷರತ್ತು ಇಟ್ಟರು. ಕಾಗದದ ಮೇಲೆ 30, ಉಳಿದದ್ದು ಕ್ಯಾಶ್. ಊರಲ್ಲಿ ಎಲ್ಲರೂ ಹಾಗೇ ಮಾಡೋದು, ನಿಮಗೂ ಸ್ಟ್ಯಾಂಪ್ ಉಳಿಯುತ್ತದೆ ಅಂದರು. ಕೇಳಲು ಚಂದ. ಆದರೆ 30 ಲಕ್ಷದೊಳಗಿನ ಸಾಲಕ್ಕೆ ಮಿತಿ ಶೇ 90 ಆದರೂ, ಬ್ಯಾಂಕು ಕಾಗದದ 30ರ ಮೇಲೆ ಹೆಚ್ಚೆಂದರೆ 27 ಲಕ್ಷ ಮಾತ್ರ ಕೊಡುತ್ತದೆ. ಉಳಿದದ್ದನ್ನು ಚೀಲದಲ್ಲಿ ತರುವುದು ಎಲ್ಲಿಂದ? ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಪೂರ್ತಿ ಬಿಳಿ ಬೇಕಾದರೆ ತೆರಿಗೆ ಯಾರು ಕಟ್ಟಬೇಕು, ಅದಕ್ಕೆ ಎರಡು ಲಕ್ಷ ಮೇಲೆ ಕೊಡಿ ಅಂದರು. ನಾನು, ನೀವು ಹೇಗೂ ಫ್ಲ್ಯಾಟ್ ಕೊಳ್ಳುತ್ತೀರಲ್ಲ, ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಆ ಲಾಭಕ್ಕೆ ತೆರಿಗೆ ವಿನಾಯಿತಿ ಇದೆ, ಒಮ್ಮೆ ಆಡಿಟರ್‌ನ ಕೇಳಿ ಅಂದೆ. ಮೂರು ದಿನ ಬಿಟ್ಟು ಫೋನ್ ಬಂತು. ಕೇಳಿದ್ರಂತೆ. ಪೂರ್ತಿ ಚೆಕ್ಕಿಗೆ ಒಪ್ಪಿಗೆ, ಮೇಲಿನ ಎರಡು ಲಕ್ಷದ ಮಾತು ಬಿಟ್ಟೆವು, 46.

ಮೂರನೇ ಸಲ ನನಗೆ ಶಾಲೆಯಲ್ಲಿ ಮೀಟಿಂಗ್. ನಮ್ಮವರು ಒಬ್ಬರೇ ಹೋದರು. ಸಂಜೆ ಪೇಢೆ ಪೊಟ್ಟಣದ ಜೊತೆ ಬಂದರು. 45ಕ್ಕೆ ಮುಗಿಸಿದೆ ಅಂದರು.

ಕ್ಯಾಲೆಂಡರ್ ಕಡೆ ನೋಡಿದೆ. "ಏ, ಒಂದು ಲಕ್ಷಕ್ಕ ಏನಾಗ್ತೈತಿ? ಎಂಬತ್ತು ಸಾವಿರ ಬ್ಯಾಂಕ್ ಕೊಡ್ತೈತಿ. ಕೈಯಿಂದ ಹೋಗೂದು ಇಪ್ಪತ್ತು ಸಾವಿರ" ಅಂದರು. ಲೆಕ್ಕ ಹಾಕಿದರೆ ರಿಜಿಸ್ಟ್ರೇಷನ್, ಏಜೆಂಟ್ ಕಮಿಷನ್ ಸೇರಿ 27,600. ಅವರ ಮಾತೂ ಸುಳ್ಳಲ್ಲ. ಪೇಢೆ ತಿಂದೆವು. ಆ ರಾತ್ರಿ ಜಗಳವೂ ಆಯಿತು, ಅದು ಬೇರೆ.

ನಾಗರ ಪಂಚಮಿಯ ಮರುದಿನ ಇಸಾರ ಪತ್ರ ಬರೆಸಿ 2 ಲಕ್ಷ ಚೆಕ್ ಕೊಟ್ಟೆವು. ನಾವು ಮಾಡಿದ ದೊಡ್ಡ ತಪ್ಪು ಇಲ್ಲಿದೆ, ನಿಧಾನಕ್ಕೆ ಓದಿ. ಪತ್ರಕ್ಕೆ ಸಹಿ ಹಾಕಿದ್ದು ಮಗ ಒಬ್ಬರೇ. ಪ್ಲಾಟು ಅವರ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ತಂದೆ 2018ರಲ್ಲಿ ತೀರಿಕೊಂಡಿದ್ದರು, ಮೃತ್ಯುಪತ್ರ ಬರೆದಿರಲಿಲ್ಲ, ಖಾತೆ ಇನ್ನೂ ತಂದೆಯ ಹೆಸರಲ್ಲೇ ಇತ್ತು. ಸಿಂಧನೂರಿಗೆ ಕೊಟ್ಟ ಒಬ್ಬ ಅಕ್ಕ ಇದ್ದಾರೆ ಅಂತ ನಮಗೂ ಗೊತ್ತಿತ್ತು. ಕೇಳಿದ್ದಕ್ಕೆ, "ಅಕ್ಕಂದು ಏನೂ ತಕರಾರಿಲ್ರೀ, ಮದಿವ್ಯಾಗ ಎಲ್ಲಾ ಕೊಟ್ಟೇವಿ" ಅಂದಿದ್ದರು. ನಂಬಿದೆವು.

2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಇ-ಖಾತೆ ಆಗಬೇಕಾದರೆ ಮೊದಲು ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ವರ್ಗಾವಣೆ, ಆಗಬೇಕು. ವಾರಸಾಕ್ಕೆ ತಂದೆಯ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಂತು. ಬ್ಯಾಂಕಿನ ವಕೀಲರು ಒಂದೇ ಸಾಲು ಬರೆದರು: ತಾಯಿ, ಮಗ, ಮಗಳು ಮೂವರೂ ಮಾರುವವರಾಗಿ ಸಹಿ ಹಾಕಬೇಕು. ಒಪ್ಪಿಗೆ ಪತ್ರ ಸಾಲದೇ ಅಂತ ಕೇಳಿದೆ. "ತಂದೆಯ ಸ್ವಂತ ಆಸ್ತಿ, ಉಯಿಲಿಲ್ಲ. ಹೆಂಡತಿ, ಮಗ, ಮಗಳು ಮೂವರಿಗೂ ಸಮ ಪಾಲು. ಈ ನಿಯಮ 1956ರಿಂದ ಇದೆ ಮೇಡಂ, 2005ರ ತಿದ್ದುಪಡಿವರೆಗೂ ಹೋಗೋದೇ ಬೇಡ" ಅಂದರು.

ಆಗಸ್ಟ್ ಹದಿನೈದರ ಧ್ವಜಾರೋಹಣ ಮುಗಿಸಿ ಮನೆಗೆ ಬಂದಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್. "ನಾನ್ರೀ ಟೀಚರ, ನೀವು ತಗೊಳ್ಳಾಕ ಹತ್ತೀರಲ್ಲ, ಆ ಮನಿ ಮಗಳು." ದನಿ ಮೆತ್ತಗಿತ್ತು. ಸಹಿ ಹಾಕಲು ತಮ್ಮ ಕರೆದಿದ್ದಾನೆ, ಬರುತ್ತೇನೆ, ಒಂದೇ ಒಂದು ಮಾತು ಕೇಳಬೇಕಿತ್ತು ಅಂದರು. "ಮನಿ ಎಷ್ಟಕ್ಕ ಮುಗದೈತ್ರೀ? ತಮ್ಮ ಮೂವತ್ತೆಂಟು ಅಂದಾನ."

ನನಗೆ ಬಾಯಿ ಒಣಗಿತು. ಹೇಳಿದರೆ ಅಕ್ಕ-ತಮ್ಮನ ನಡುವಿನ, ನಮ್ಮದಲ್ಲದ ಜಗಳಕ್ಕೆ ನಾನೇ ಕಡ್ಡಿ ಗೀರಿದಂತೆ. ಮನೆ ಕೈ ತಪ್ಪಬಹುದು, ಎರಡು ಲಕ್ಷ ಸಿಕ್ಕಿಹಾಕಿಕೊಳ್ಳಬಹುದು. ಹೇಳದಿದ್ದರೆ? ಖರೀದಿ ಪತ್ರದಲ್ಲಿ 45 ಅಂತ ಬರೆದಿರುತ್ತದೆ. ಆಕೆ ಸಹಿ ಹಾಕುವ ಮೊದಲು ಓದಿಯೇ ಓದುತ್ತಾರೆ. ಓದದೇ ಹಾಕಿದರೆ ನಾಳೆ ಕೋರ್ಟಿಗೆ ಬರುತ್ತಾರೆ, ಆಗ ಮನೆಯಲ್ಲಿ ಇರುವವರು ನಾವು. ಇದೆಲ್ಲ ಆಮೇಲೆ ಯೋಚಿಸಿದ್ದು. ಆ ಹೊತ್ತಿಗೆ ಹೊಳೆದಿದ್ದು, ನನಗೂ ಒಬ್ಬ ತಮ್ಮ ಇದ್ದಾನೆ ಅಂತ ಅಷ್ಟೇ. "ನಲವತ್ತೈದು ರೀ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಚಲೋ ಆತ್ರೀ" ಅಂತ ಇಟ್ಟರು.

ಸಂಜೆಗೆ ಆಕೆಯ ತಮ್ಮನ ಫೋನ್. ಅವರ ಸಿಟ್ಟು ಇಲ್ಲಿ ಬರೆಯುವುದಿಲ್ಲ. ಸಾರ ಇಷ್ಟು: ಅಕ್ಕ ಈಗ ಪೂರ್ತಿ ಪಾಲು ಕೇಳುತ್ತಿದ್ದಾಳೆ, ಇದಕ್ಕೆ ನೀವೇ ಕಾರಣ, ಇನ್ನೆರಡು ಲಕ್ಷ ಕೊಟ್ಟರೆ ವ್ಯವಹಾರ, ಇಲ್ಲದಿದ್ದರೆ ಇಸಾರ ವಾಪಸ್ ತಗೊಳ್ಳಿ. ನಮ್ಮವರು ಮೆತ್ತಗಾದರು, ಒಂದು ಕೊಟ್ಟು ಮುಗಿಸೋಣ ಅಂದರು. ನಾನು ಒಪ್ಪಲಿಲ್ಲ. ಕ್ಯಾಲೆಂಡರ್ ಗೆರೆ ಒಮ್ಮೆ ದಾಟಿಯಾಗಿತ್ತು. ಹತ್ತು ದಿನ ಯಾರೂ ಫೋನ್ ಮಾಡಲಿಲ್ಲ. ನಾನು ತರಗತಿಯಲ್ಲಿ ಭಿನ್ನರಾಶಿ ಹೇಳುವಾಗ ಮೂರನೇ ಒಂದು ಅಂದರೆ ಸಾಕು, ತಲೆ ಕಿನ್ನಾಳ ರಸ್ತೆಗೆ ಓಡುತ್ತಿತ್ತು.

ಬಿಡಿಸಿದ್ದು ಆ ತಾಯಿ. ಮಗಳ ಪಾಲು ಮಗಳಿಗೆ, ನನ್ನ ಪಾಲು ನಾನು ಇರುವ ತನಕ ನನ್ನ ಹೆಸರಲ್ಲೇ ಇರಲಿ, ಆಮೇಲೆ ನೋಡಿಕೊಳ್ಳಿ ಅಂದರಂತೆ. 45 ಲಕ್ಷ 45 ಲಕ್ಷವಾಗಿಯೇ ಉಳಿಯಿತು, ತಲೆಗೆ 15. ಹೊಸ ಇಸಾರ ಪತ್ರಕ್ಕೆ ಮೂವರೂ ಸಹಿ ಹಾಕಿದರು.

ಅಷ್ಟರಲ್ಲಿ ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಹೋಗಿದ್ದ. ಆತ ಕಟ್ಟಿದ ಬೆಲೆ 43 ಲಕ್ಷ. ನನ್ನ ಲೆಕ್ಕಕ್ಕೆ ಎಷ್ಟು ಹತ್ತಿರ ಅಂತ ಒಂದು ಕ್ಷಣ ಖುಷಿಪಟ್ಟೆ, ಆಮೇಲೆ ಹೊಟ್ಟೆ ತಣ್ಣಗಾಯಿತು. ಬ್ಯಾಂಕು ಖರೀದಿ ಬೆಲೆ, ತನ್ನ ಎಂಜಿನಿಯರ್ ಕಟ್ಟಿದ ಬೆಲೆ ಎರಡರಲ್ಲಿ ಕಡಿಮೆ ಇರುವುದರ ಮೇಲೆ ಶೇ 80 ಕೊಡುತ್ತದೆ. 36 ಲಕ್ಷ ಅಂದುಕೊಂಡಿದ್ದ ಸಾಲ 34.4 ಆಯಿತು. "ಎಂಬತ್ತು ಸಾವಿರ ಬ್ಯಾಂಕ್ ಕೊಡ್ತೈತಿ" ಅಂದಿದ್ದ ಮಾತು ಅಲ್ಲಿಗೆ ಮುಗಿಯಿತು. 43ರ ಮೇಲಿನ ಎರಡು ಲಕ್ಷಕ್ಕೆ ಬ್ಯಾಂಕಿನಿಂದ ಒಂದು ರೂಪಾಯಿಯೂ ಇಲ್ಲ. 1.6 ಲಕ್ಷದ ಕೊರತೆ. ಶೇ 8ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ತಿಂಗಳಿಗೆ 28,800ರ ಹತ್ತಿರ. ಕಂತು ಕಡಿಮೆಯಾಯಿತಲ್ಲ ಅಂತ ನಮ್ಮವರು ಸಮಾಧಾನ ಹೇಳಿದರು. ನಾನು ಉತ್ತರ ಕೊಡಲಿಲ್ಲ.

ಗಣೇಶನ ಹಬ್ಬದ ವಾರ ಇನ್ನೊಂದು ಸುದ್ದಿ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2. ನಮಗೆ 45,000 ಹೊರೆ. ಅದರೊಳಗೆ ಮುಗಿಸಲು ಓಡಾಡಿದೆವು. ಆದರೆ ವಾರಸಾದಲ್ಲಿ ತಾಯಿಯ ಹೆಸರು ಆಧಾರ್‌ನಲ್ಲಿ ಒಂದು ತರಹ, ಹಳೇ ಕಾಗದದಲ್ಲಿ ಇನ್ನೊಂದು ತರಹ. ಒಂದು 'ವ್ವ', ಒಂದು 'ಮ್ಮ'. ಅದಕ್ಕೆ ಅಫಿಡವಿಟ್ ಮಾಡಿಸಿ ಕೊಡುವಷ್ಟರಲ್ಲಿ ತಿಂಗಳು ಮುಗಿಯಿತು. ನಿಮ್ಮ ಮಾರಾಟಗಾರರ ಆಧಾರ್, ಪ್ಯಾನ್, ಖಾತೆ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ಅಂತ ಇಸಾರಕ್ಕೂ ಮೊದಲೇ ನೋಡಿಕೊಳ್ಳಿ. ನಮಗೆ ಆ 'ವ್ವ'ದ ಬೆಲೆ ನಲವತ್ತೈದು ಸಾವಿರ.

ಸೆಪ್ಟೆಂಬರ್ ಮೊದಲ ವಾರ ಇ-ಖಾತೆ ಬಂತು. ಏಳನೇ ತಾರೀಖಿನಿಂದ ಪಿತೃಪಕ್ಷ. ಆ ತಾಯಿ ಪಕ್ಷ ಮುಗಿಯದೆ ಸಹಿ ಇಲ್ಲ ಅಂದರು. ಈ ಮನೆ ಕಟ್ಟಿಸಿದವರ ಪಕ್ಷ, ನಾನು ಏನು ಹೇಳಲಿ. ಕಾದೆವು. ಆ ಎರಡು ವಾರದಲ್ಲಿ ಒಂದು ಒಳ್ಳೆಯದಾಯಿತು, ಹಳೇ ಇ.ಸಿ. (ಋಣಭಾರ ಪ್ರಮಾಣಪತ್ರ) ಬಂತು. ಬ್ಯಾಂಕು 30 ವರ್ಷದ್ದು ಕೇಳಿತ್ತು. 2004ರ ಈಚಿನದು ಕಾವೇರಿಯಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಅದರ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ ಕಾಯಬೇಕು.

ಕೊನೆಗೆ ಸುಂಕ, ಶುಲ್ಕ ಸೇರಿ ಕಟ್ಟಿದ್ದು 3,42,000. ಸ್ಟ್ಯಾಂಪಿಗೆ 2,52,000, ನೋಂದಣಿಗೆ 90,000. ಎಲ್ಲ ಕೂಡಿಸಿದಾಗ ನಮ್ಮ ಹದಿನಾಲ್ಕೂವರೆಗೆ ಎರಡು ಲಕ್ಷದ ಮೇಲೆ ಕಡಿಮೆ ಬಿತ್ತು. ನನ್ನ ನಾಲ್ಕು ಬಳೆ, ಒಂದು ಸರ ಅಡವಿಟ್ಟು ತಂದೆ. ಮಾಳಿಗೆ ರಿಪೇರಿ ಮುಂದಿನ ವರ್ಷಕ್ಕೆ ಹೋಯಿತು. ಹೆಚ್ಚಾದ ಶುಲ್ಕದಲ್ಲಿ ಅರ್ಧ ಕೊಡಿ ಅಂತ ತಮ್ಮನನ್ನು ಕೇಳಿದೆವು. ಅದು ಆಗಲ್ಲ, ಇನ್ವರ್ಟರ್ ಬಿಟ್ಟು ಹೋಗುತ್ತೇನೆ ಅಂದರು. ಬ್ಯಾಟರಿ ಹತ್ತೇ ದಿನಕ್ಕೆ ಸತ್ತಿತು.

ಸಹಿಯ ದಿನ ಅಕ್ಕ ಸಿಂಧನೂರಿನಿಂದ ಬಸ್ಸಿಗೆ ಬಂದಿದ್ದರು. ಅಕ್ಕ-ತಮ್ಮ ಬೆಂಚಿನ ಎರಡು ತುದಿಗೆ ಕೂತರು, ನಡುವೆ ತಾಯಿ. ಫೋಟೊ, ಹೆಬ್ಬೆರಳು ಎಲ್ಲ ಮುಗಿಯಲು ಇಪ್ಪತ್ತೇ ನಿಮಿಷ. ಮೂರು ಡಿಡಿ ಮೂವರ ಕೈಗೆ ಕೊಟ್ಟೆವು. ಅಕ್ಕ ಡಿಡಿಯನ್ನು ಎರಡು ಸಲ ಓದಿ ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ತಾಯಿ ಬೀಗದ ಗೊಂಚಲು ನನ್ನ ಕೈಗಿಟ್ಟು, ನಲ್ಲಿ ನೀರು ಬರುವ ದಿನ ಸಂಪಿನ ವಾಲ್ ಅರ್ಧ ಮಾತ್ರ ತಿರುಗಿಸು, ಪೂರ್ತಿ ತಿರುಗಿಸಿದರೆ ಓಣಿಗೆಲ್ಲ ನೀರು ಅಂದರು.

ಗೃಹಪ್ರವೇಶಕ್ಕೆ ಕಾಕಾ ಬಂದಿದ್ದರು. ಗೋಡೆ ತಟ್ಟಿ, "ನಾ ಬಂದಿದ್ರ ನಲವತ್ತೆರಡಕ್ಕ ಕೆಡವತಿದ್ದೆ" ಅಂದರು. ಊಟಕ್ಕೆ ಕೂತಾಗ ಗಂಗಾವತಿಯಿಂದ ಬಂದಿದ್ದ ನನ್ನ ತಮ್ಮ ಪಕ್ಕಕ್ಕೆ ಕರೆದ. ಅವನೂ ಒಂದು ಮನೆ ನೋಡಿದ್ದಾನಂತೆ, 40 ಹೇಳುತ್ತಿದ್ದಾರಂತೆ. "ಎಷ್ಟಕ್ಕ ಕೇಳ್ಲಿ ಅಕ್ಕಾ?" ಅಂದ.

"ಮಾರೋರಿಗೆ ಅಕ್ಕ-ತಂಗಿ ಎಷ್ಟು ಮಂದಿ, ಮೊದಲು ಅದನ್ನ ಕೇಳ್ಕೊಂಡು ಬಾ" ಅಂದೆ.